ಮುಲುಂಡಿನ ಪದ್ಮಿನಿ, ಕುರ್ಲಾದ ತವರು



ನಿಮ್ಮ ಸೊಸೈಟಿಯ ಹಿಂದಿನ ಗೋಡೆಯ ಪಕ್ಕ ಟಾರ್ಪಾಲು ಹೊದ್ದ ಒಂದು ಹಳೆಯ ಕಾರು ನಿಂತಿದೆಯೇ? ಮುಲುಂಡಿನ ಹಳೆಯ ಕಟ್ಟಡಗಳಲ್ಲಿ ಹುಡುಕಿದರೆ ಇನ್ನೂ ಒಂದೋ ಎರಡೋ ಸಿಗುತ್ತವೆ. ಟಾರ್ಪಾಲಿನ ಮೇಲೆ ಬೆಕ್ಕು, ಕೆಳಗೆ ಗಾಳಿ ಹೋದ ಟೈರು. ನಮ್ಮ ಸೊಸೈಟಿಯಲ್ಲೂ ಒಂದಿತ್ತು. ಕಟ್ಟಡ ರೀಡೆವಲಪ್‌ಮೆಂಟ್‌ಗೆ ಹೋಗುವುದು ನಿಶ್ಚಯವಾದ ಮೇಲೆ ಬೋರ್ಡಿಗೆ ಒಂದು ನೋಟಿಸು ಬಿತ್ತು: ಓಡದ ವಾಹನಗಳನ್ನೆಲ್ಲ ತಿಂಗಳೊಳಗೆ ತೆಗೆಯಬೇಕು, ಇಲ್ಲವಾದರೆ ಗುಜರಿಗೆ. ಆ ಕಾರಿನ ಮಾಲೀಕರು ನೆಲಮಹಡಿಯ ಮಾಮ. ಹೋಟೆಲಿನ ಗಲ್ಲಾದಲ್ಲಿ ನಲವತ್ತು ವರ್ಷ ಕೂತು ನಿವೃತ್ತರಾದವರು. ಕಾರು 1974ರ ಪ್ರೀಮಿಯರ್ ಪದ್ಮಿನಿ.

"ನೀನೇ ತಗೋ ಮಾರಾಯ. ಗುಜರಿಯವ ಕಿಲೋ ಲೆಕ್ಕದಲ್ಲಿ ತೂಗ್ತಾನೆ," ಎಂದರು ಮಾಮ.

ನಾನು ಕರಗಿ ಹೋದೆ. ಆದರೆ ಮಾಮ ಹೋಟೆಲಿನವರು ನೋಡಿ, ಅರವತ್ತು ಸಾವಿರ ಎಂದವರು ಅಲ್ಲಿಂದ ಒಂದು ರೂಪಾಯಿ ಇಳಿಯಲಿಲ್ಲ!

ಕಾರು ಕೊಂಡ ದಿನದಿಂದ ಎಲ್ಲರದೂ ಒಂದೇ ಪ್ರಶ್ನೆ. ಹೊಸ ಇಂಜಿನ್ ಹಾಕಿಸುತ್ತೀರಾ, ಅಥವಾ ಇದ್ದ ಹಾಗೇ ಇಡುತ್ತೀರಾ? ಗ್ಯಾರೇಜಿನವನಿಗೆ ಮೊದಲನೆಯದು ಇಷ್ಟ, ಹಳೆ ಕಾರಿನ ಹುಚ್ಚಿನವರಿಗೆ ಎರಡನೆಯದು. ಇದ್ದ ಹಾಗೇ ಎಂದರೆ ಹೇಗೆ ಎಂದು ಯೋಚಿಸುತ್ತಾ ಹೋದಾಗ ನನಗೆ ಈ ಕಾರಿನ ಚರಿತ್ರೆ ಓದಬೇಕಾಯಿತು. ಓದಿದ್ದನ್ನು ನಿಮ್ಮ ಜೊತೆ ಹಂಚಿಕೊಳ್ಳಬೇಕು ಅನಿಸಿದ್ದಕ್ಕೆ ಒಂದು ಕಾರಣವಿದೆ. ಈ ಕತೆ ಶುರುವಾಗುವುದು ಒಬ್ಬ ಕನ್ನಡಿಗರಿಂದ.

ಸರ್ ಎಂ. ವಿಶ್ವೇಶ್ವರಯ್ಯನವರೆಂದರೆ ನಮಗೆ ಕನ್ನಂಬಾಡಿ ನೆನಪಾಗುತ್ತದೆ, ಭದ್ರಾವತಿ ನೆನಪಾಗುತ್ತದೆ. ಮುಂಬಯಿ ಕನ್ನಡಿಗರಿಗೆ ಮಾಹಿಮ್‌ನ ಕರ್ನಾಟಕ ಸಂಘದ ಸಭಾಗೃಹದ ಹೆಸರೂ ನೆನಪಾಗುತ್ತದೆ. ಅವರು ಇಂಜಿನಿಯರ್ ಆಗಿ ಕೆಲಸಕ್ಕೆ ಸೇರಿದ್ದೇ 1884ರಲ್ಲಿ, ಬೊಂಬಾಯಿ ಸರಕಾರದ ಲೋಕೋಪಯೋಗಿ ಇಲಾಖೆಗೆ. ಆದರೆ ಅವರು ಭಾರತದಲ್ಲೇ ಮೋಟಾರು ಕಾರು ತಯಾರಾಗಬೇಕೆಂದು ವರ್ಷಗಟ್ಟಲೆ ಓಡಾಡಿದ ಸಂಗತಿ ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯುರೋಪು ಮತ್ತು ಅಮೆರಿಕಾಕ್ಕೆ ಹೋಗಿ ಕಾರು ಕಾರ್ಖಾನೆಗಳನ್ನು ನೋಡಿಕೊಂಡು ಬಂದರು. ಬಂದವರು ಸುಮ್ಮನೆ ಕೂರದೆ, ಮುಂಬಯಿಯಲ್ಲಿ ಕಾರ್ಖಾನೆ ಹಾಕುವ ಯೋಜನೆಯನ್ನು ಲೆಕ್ಕಾಚಾರ ಸಮೇತ ಬರೆದಿಟ್ಟರು.

ಆಗ ಮುಂಬಯಿಯಲ್ಲಿ ಕಾರುಗಳು ಇರಲಿಲ್ಲವೆಂದಲ್ಲ. ಜನರಲ್ ಮೋಟಾರ್ಸ್ 1928ರಿಂದಲೇ ಶಿವಡಿಯಲ್ಲಿ ಕಾರು ಜೋಡಿಸುತ್ತಿತ್ತು. ಪೆಟ್ಟಿಗೆಯಲ್ಲಿ ಬಿಡಿಭಾಗ ಬರುತ್ತಿತ್ತು, ಇಲ್ಲಿ ನಟ್ಟು ಬೋಲ್ಟು ಬಿಗಿಯುತ್ತಿದ್ದರು, ಅಷ್ಟೆ. ವಿಶ್ವೇಶ್ವರಯ್ಯನವರಿಗೆ ಬೇಕಾಗಿದ್ದದ್ದು ಬಿಗಿಯುವುದಲ್ಲ, ತಯಾರಿಸುವುದು.

ಅವರ ಜೊತೆ ನಿಂತವರು ಸೊಲ್ಲಾಪುರದ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಮುಂಬಯಿಯ ಅಂದಿನ ಕಾಂಗ್ರೆಸ್ ಮಂತ್ರಿಮಂಡಲ ಯೋಜನೆಗೆ ಬೆಂಬಲ ಕೊಡಲು ಮುಂದೆ ಬಂದಿತ್ತು. 1939ರಲ್ಲಿ ಮಹಾಯುದ್ಧ ಶುರುವಾಯಿತು, ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಆಮೇಲೆ ಕಣ್ಣು ಹೋದದ್ದು ಮೈಸೂರಿನತ್ತ. ದಿವಾನ್ ಮಿರ್ಜಾ ಇಸ್ಮಾಯಿಲ್ ಒಪ್ಪಿದರು. ಅಮೆರಿಕಾದ ಕ್ರೈಸ್ಲರ್ ಕಂಪನಿಯೂ ಒಪ್ಪಿತು. ಭಾರತ ಸರಕಾರ ಮಾತ್ರ ಒಪ್ಪಲಿಲ್ಲ. ಯುದ್ಧಕಾಲದಲ್ಲಿ ಇದು ಅಗತ್ಯದ ಕೈಗಾರಿಕೆ ಅಲ್ಲ ಎಂದಿತು. ಬೆಂಗಳೂರಿಗೆ ಕಾರಿನ ಕಾರ್ಖಾನೆ ಬರಲಿಲ್ಲ. ಅದರ ಬದಲು ಅದೇ ವಾಲ್‌ಚಂದರು ಮೈಸೂರು ಸರಕಾರದ ಜೊತೆ ಸೇರಿ 1940ರ ಡಿಸೆಂಬರಿನಲ್ಲಿ ಅಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. ಇಂದಿನ ಎಚ್‌ಎಎಲ್ ಅದೇ. ಕಾರು ಕೇಳಿದ ಬೆಂಗಳೂರಿಗೆ ವಿಮಾನ ಸಿಕ್ಕಿತು ಎಂದು ನಾನು ತಮಾಷೆಗೆ ಹೇಳುವುದುಂಟು.

ಕಾರು ಮತ್ತೆ ಮುಂಬಯಿಗೇ ಬಂತು. ವಾಲ್‌ಚಂದರು 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. 1947ರಲ್ಲಿ ಕುರ್ಲಾದ ಕಾರ್ಖಾನೆಯಿಂದ ಕ್ರೈಸ್ಲರ್ ಗುಂಪಿನ ಕಾರುಗಳು ಹೊರಬಿದ್ದವು. ಕುರ್ಲಾದಲ್ಲಿ ಎಲ್ಲಿ ಗೊತ್ತೇ? ನಮ್ಮ ಎಲ್‌ಬಿಎಸ್ ಮಾರ್ಗದ ಆಸುಪಾಸಿನಲ್ಲೇ. ಹಿಂದೆ ಇದಕ್ಕೆ ಆಗ್ರಾ ರೋಡ್ ಎನ್ನುತ್ತಿದ್ದರು. ಕುರ್ಲಾ, ಘಾಟ್ಕೋಪರ್, ವಿಕ್ರೋಲಿ, ಕಾಂಜೂರ್, ಭಾಂಡುಪ್ ದಾಟಿ ಅದೇ ರಸ್ತೆ ಮುಲುಂಡ್ ಚೆಕ್‌ನಾಕಾಕ್ಕೆ ಬಂದು ಥಾಣೆಗೆ ಹೋಗುತ್ತದೆ. ನೀವು ದಿನಾ ಟ್ರಾಫಿಕ್ಕಿನಲ್ಲಿ ಬೈದುಕೊಂಡು ಹೋಗುವ ರಸ್ತೆಯೇ ಈ ಕಾರಿನ ತವರು ಬೀದಿ. ಈಗ ಕಾರ್ಖಾನೆ ಇಲ್ಲ. ಅಲ್ಲಿ ಕೊಹಿನೂರ್ ಸಿಟಿಯ ಎತ್ತರದ ಕಟ್ಟಡಗಳಿವೆ. ಪ್ರೀಮಿಯರ್ ರೋಡ್ ಎಂಬ ಹೆಸರು ಮಾತ್ರ ಉಳಿದುಕೊಂಡಿದೆ.

ಫಿಯಟ್ ಜೊತೆ ನಂಟು ಬೆಳೆದದ್ದು 1950ರ ದಶಕದಲ್ಲಿ. ಇಟಲಿಯಲ್ಲಿ 1953ರಲ್ಲಿ ಬಂದ ಫಿಯಟ್ 1100 ಕಾರು ಮರುವರ್ಷವೇ ಕುರ್ಲಾಕ್ಕೂ ಬಂತು. ಬೆನ್ನು ಗುಂಡಗಿದ್ದ ಆ ಮೊದಲ ಮಾದರಿಗೆ ಮುಂಬಯಿಯ ಜನ ಇಟ್ಟ ಹೆಸರು ಡುಕ್ಕರ್ ಫಿಯಟ್. ಮರಾಠಿ ಬರುವವರಿಗೆ ಅರ್ಥ ಹೇಳಬೇಕಾಗಿಲ್ಲ! ಆಮೇಲೆ ಎಲಿಗಂಟ್, ಸೂಪರ್ ಸೆಲೆಕ್ಟ್, 1964ರಲ್ಲಿ ಡಿಲೈಟ್. 1970ರ ದಶಕದ ಆರಂಭದಲ್ಲಿ ಫಿಯಟ್ ಹೆಸರು ಹೋಗಿ ಸ್ವಲ್ಪ ಕಾಲ ಪ್ರೆಸಿಡೆಂಟ್ ಆಯಿತು. 1974ರಿಂದ ಪದ್ಮಿನಿ, ಚಿತ್ತೂರಿನ ರಾಣಿಯ ಹೆಸರು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಇದರ ಮೂಲರೂಪ ಯಾವುದು?

ಡಿಲೈಟ್ ಮಾದರಿ ಇಟಲಿಯಲ್ಲಿ ಬಂದಾಗ ಅದಕ್ಕೆ 1221 ಸಿಸಿ ಇಂಜಿನ್ ಇತ್ತು. ನಮ್ಮಲ್ಲಿ ಹೊಸ ಬಾಡಿ ಬಂತು, ಇಂಜಿನ್ ಹಳೆಯದೇ 1089 ಸಿಸಿ ಉಳಿಯಿತು. ಅಂದರೆ ಕುರ್ಲಾದವರೇ ಮೊದಲ ಮಾಡಿಫಿಕೇಶನ್ ಮಾಡಿ ಕಳಿಸಿದ್ದರು. ಹಳೆಯ ಫಿಯಟ್‌ಗಳಲ್ಲಿ ಮುಂದಿನ ಬಾಗಿಲಿನ ಹಿಂಜು ಹಿಂದುಗಡೆ ಇತ್ತು. ಓಡುವಾಗ ಬಾಗಿಲು ತೆರೆದುಕೊಂಡರೆ ಗಾಳಿ ಅದನ್ನು ಪೂರಾ ಹಿಂದಕ್ಕೆ ಎಳೆಯುತ್ತಿತ್ತು. ಆಮೇಲೆ ಅದನ್ನೂ ಬದಲಿಸಿದರು. ಆಮದಿಗೆ ವಿದೇಶಿ ವಿನಿಮಯ ಇಲ್ಲ, ಆದ್ದರಿಂದ ಒಂದೊಂದೇ ಬಿಡಿಭಾಗ ಇಲ್ಲಿಯೇ ತಯಾರಾಗುತ್ತಾ ಹೋಯಿತು. ಇಟಲಿಯಲ್ಲಿ 1100 ಮಾದರಿ 1969ರ ಹೊತ್ತಿಗೆ ಮುಗಿದುಹೋಯಿತು. ನಮ್ಮಲ್ಲಿ 2000ದ ತನಕ ನಡೆಯಿತು. ಅಷ್ಟು ವರ್ಷ ಒಂದು ಕಾರು ಬದುಕಿದ್ದು ಬದಲಾಗದೆ ಅಲ್ಲ. ಕೈಗೆ ಸಿಕ್ಕಿದ್ದರಲ್ಲಿ ಹೊಂದಿಸಿಕೊಂಡು ಬದುಕಿತು.

ಅಂದಿನ ಕೊಳ್ಳುವವರ ಪಾಡನ್ನು ಇಂದಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ಎಷ್ಟು ಕಾರು ಮಾಡಬೇಕು ಎಂಬುದಕ್ಕೆ ಸರಕಾರದ ಲೈಸೆನ್ಸು. ಬೆಲೆಗೂ ಸರಕಾರದ ಕಡಿವಾಣ. ಪ್ರೀಮಿಯರ್ ಕಂಪನಿ ಬೆಲೆಯ ವಿಷಯಕ್ಕೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಬುಕ್ ಮಾಡಿದವರು ವರ್ಷಗಟ್ಟಲೆ ಕಾಯಬೇಕು. ಹಾಗಾಗಿ ಕೈಗೆ ತಕ್ಷಣ ಸಿಗುವ ಸೆಕೆಂಡ್ ಹ್ಯಾಂಡ್ ಕಾರಿಗೆ ಹೊಸದಕ್ಕಿಂತ ಹೆಚ್ಚು ಬೆಲೆ ಬರುತ್ತಿದ್ದದ್ದೂ ಉಂಟು. ನಮ್ಮ ಮಾಮ 1979ರಲ್ಲಿ ಈ ಕಾರು ಕೊಂಡದ್ದು ಹಾಗೇ, ಸೆಕೆಂಡ್ ಹ್ಯಾಂಡ್.

"ಮದುವೆಗೆ ಹುಡುಗಿ ಸಿಕ್ಕಿದ್ದು ಬೇಗ, ಕಾರು ಸಿಗ್ಲಿಲ್ಲ," ಎಂದು ಅತ್ತೆಯ ಎದುರೇ ಹೇಳುತ್ತಾರೆ.

ಮಾಮ ಈ ಕಾರಿಗೆ ಏನೇನು ಮಾಡಿಸಿದ್ದರು ಎಂಬುದನ್ನು ಟಾರ್ಪಾಲು ತೆಗೆದ ಮೇಲೆ ಒಂದೊಂದಾಗಿ ಕಂಡೆ. ಛಾವಣಿಯ ಮೇಲೆ ಕ್ಯಾರಿಯರ್ ಕೂರಿಸಿದ ಗುರುತು. ಡಿಕ್ಕಿಯ ತಳಕ್ಕೆ ದಪ್ಪ ತಗಡು ಹೊಡೆಸಿದ್ದರು, ಬೆಳಗಿನ ಜಾವ ಮಾರ್ಕೆಟಿನಿಂದ ಬಟಾಟೆ, ನೀರುಳ್ಳಿ ತರುವುದಕ್ಕೆ. ಹಿಂದಿನ ಸ್ಪ್ರಿಂಗಿಗೆ ಒಂದು ಪಟ್ಟಿ ಹೆಚ್ಚು. ರೇಡಿಯೇಟರ್ ಕೂಡ ಕಂಪನಿಯದ್ದಲ್ಲ, ದೊಡ್ಡದು. ಯಾಕೆಂದು ಕೇಳಿದೆ.

"ಊರಿಗೆ ಹೋಗ್ಲಿಕ್ಕೆ," ಎಂದರು.

ಕೊಂಕಣ ರೈಲು ಪೂರ್ತಿಯಾಗಿ ಓಡಲು ಶುರುವಾದದ್ದು 1998ರ ಜನವರಿಯಲ್ಲಿ. ಅದಕ್ಕೂ ಮೊದಲು ಮುಂಬಯಿಯಿಂದ ಉಡುಪಿ, ಕುಂದಾಪುರ, ಮಂಗಳೂರಿಗೆ ಹೋಗಬೇಕೆಂದರೆ ಬಸ್ಸು, ಇಲ್ಲವೇ ಸ್ವಂತ ಗಾಡಿ. ಮೇ ತಿಂಗಳ ರಜೆಯಲ್ಲಿ ಮಕ್ಕಳು, ಹೋಲ್ಡಾಲು, ಊರಿನವರಿಗೆ ಬಟ್ಟೆಬರೆ ತುಂಬಿಕೊಂಡು ಗೋವಾ ಹೆದ್ದಾರಿ ಹಿಡಿಯುತ್ತಿದ್ದರು. ಸುಮಾರು 40 ಅಶ್ವಶಕ್ತಿಯ ಇಂಜಿನ್, ಒಳಗೆ ಏಳು ಜನ. ಕಶೇಡಿ ಘಾಟಿನಲ್ಲಿ ನೀರು ಕುದಿಯುತ್ತಿತ್ತು. ಬಾನೆಟ್ ಎತ್ತಿ, ಒದ್ದೆ ಗೋಣಿ ಹಾಕಿ, ಅರ್ಧ ಗಂಟೆ ಕಾಯುವುದು. ಆ ಅರ್ಧ ಗಂಟೆಯಲ್ಲಿ ಅತ್ತೆ ಬುತ್ತಿ ಬಿಚ್ಚುತ್ತಿದ್ದರಂತೆ. ನಿಮ್ಮ ಮನೆಯಲ್ಲೂ ಇಂಥ ನೆನಪು ಇರಬಹುದು, ಕೇಳಿ ನೋಡಿ. ಆ ದೊಡ್ಡ ರೇಡಿಯೇಟರನ್ನು ಕಿತ್ತು ಕಂಪನಿಯದ್ದನ್ನು ಹುಡುಕಿ ಕೂರಿಸುವುದು ಸರಿಯೇ, ನೀವೇ ಹೇಳಿ.

ನಿಮಗೂ ಇಂಥ ಗಾಡಿ ಕೊಳ್ಳುವ ಮನಸ್ಸಿದ್ದರೆ, ಬಣ್ಣ ನೋಡಿ ಮರುಳಾಗಬೇಡಿ. ಟಾರ್ಚ್ ಹಿಡಿದು ಕೆಳಗೆ ನುಗ್ಗಿ. ಮುಂಬಯಿಯ ಮಳೆ ಮತ್ತು ಉಪ್ಪು ಗಾಳಿಗೆ ಮೊದಲು ಹೋಗುವುದು ಬಾಗಿಲಿನ ಕೆಳಗಿನ ಪಟ್ಟಿ, ಕಾಲಿಡುವ ತಗಡು, ಚಕ್ರದ ಮೇಲಿನ ಕಮಾನು. ಮೇಲೆ ಪುಟ್ಟಿ ತುಂಬಿ ಪೇಂಟ್ ಹೊಡೆದಿದ್ದರೆ ಗೊತ್ತಾಗುವುದಿಲ್ಲ. ಒಂದು ಸಣ್ಣ ಅಯಸ್ಕಾಂತ ಒಯ್ದರೆ ಸಾಕು, ಪುಟ್ಟಿಗೆ ಅದು ಅಂಟುವುದಿಲ್ಲ. 2005ರ ಜುಲೈ 26ರಂದು ಕಾರು ಎಲ್ಲಿತ್ತು ಎಂದು ತಪ್ಪದೆ ಕೇಳಿ. ಅಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದು, ಎಷ್ಟೋ ಗಾಡಿಗಳು ಸೀಟಿನವರೆಗೆ ಮುಳುಗಿದ್ದವು. ನಮ್ಮದು ಬಚಾವು. ಮಾಮ ಅದರ ಹಿಂದಿನ ವಾರವೇ ಬ್ಯಾಟರಿ ಕೆಟ್ಟು ಸೊಸೈಟಿಯ ಎತ್ತರದ ಜಾಗದಲ್ಲಿ ನಿಲ್ಲಿಸಿದ್ದರಂತೆ.

ಎಲ್ಲಕ್ಕಿಂತ ಮೊದಲು ಕಾಗದಪತ್ರ. ಆರ್‌ಸಿ ಬುಕ್ಕಿನ ಚಾಸಿಸ್ ನಂಬರ್, ಇಂಜಿನ್ ನಂಬರ್ ಕಾರಿನ ಮೇಲಿರುವುದಕ್ಕೆ ಅಕ್ಷರಶಃ ಕೂಡಬೇಕು. ಹೆಸರು ವರ್ಗಾವಣೆಗೆ 29 ಮತ್ತು 30ನೇ ನಂಬರಿನ ಫಾರಂ, ರಿಜಿಸ್ಟ್ರೇಶನ್ ನವೀಕರಣಕ್ಕೆ 25. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ಒಯ್ದು ನವೀಕರಿಸಬೇಕು, ಪರಿಸರ ತೆರಿಗೆಯೂ ಇದೆ. ಮಾಮನ ಆರ್‌ಸಿ ಬುಕ್ಕು ಎಂಎಚ್ ಸರಣಿ ಬರುವ ಮೊದಲಿನದು, ಮುಟ್ಟಿದರೆ ಉದುರುವಂತಿತ್ತು. ದಿನಸಿ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ, ದೇವರ ಕೋಣೆಯಲ್ಲಿ ಇಟ್ಟಿದ್ದರು. ಅದೇ ನನ್ನನ್ನು ಉಳಿಸಿತು.

ನಾನು ಮೊದಲು ಹೋದ ಗ್ಯಾರೇಜಿನವನು ಹತ್ತು ನಿಮಿಷ ನೋಡಿ, "ಇದನ್ನೆಲ್ಲ ತೆಗೆದು ಹೊಸ ಕಾರಿನ ಇಂಜಿನ್ ಕೂರಿಸಿಬಿಡೋಣ, ಏಸಿ, ಪವರ್ ಸ್ಟೀರಿಂಗ್ ಎಲ್ಲ ಬರ್ತದೆ" ಎಂದ. ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಅಡ್ವಾನ್ಸ್ ಕೊಟ್ಟೂ ಬಂದೆ. ಆಮೇಲೆ ಕಾನೂನು ಕೇಳಿದಾಗ ಎದೆ ಧಸಕ್ಕೆಂದಿತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿ ಬರೆದಿರುವ ತಯಾರಕರ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನೂ ಖಡಕ್ಕಾಗಿ ಹೇಳಿತು. ಇಂಜಿನ್ ಬದಲಾಯಿಸಬೇಕಾದರೆ ಆರ್‌ಟಿಓ ಅನುಮತಿ ಮೊದಲು, ಕೆಲಸ ಆಮೇಲೆ. ಅಡ್ವಾನ್ಸ್ ವಾಪಸು ಸಿಗಲಿಲ್ಲ. ಅದನ್ನು ಶಾಲೆಯ ಫೀಸು ಎಂದುಕೊಂಡೆ.

ಇನ್ನೊಂದು ದಾರಿ ಇತ್ತು. 2021ರ ಜುಲೈನಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. ಮೊದಲ ರಿಜಿಸ್ಟ್ರೇಶನ್ ಆಗಿ 50 ವರ್ಷ ದಾಟಿರಬೇಕು. ಚಾಸಿಸ್ಸು, ಬಾಡಿ, ಇಂಜಿನ್ ಮೂಲದಂತೆಯೇ ಇರಬೇಕು. 20,000 ರೂಪಾಯಿ ಕಟ್ಟಿದರೆ ಹತ್ತು ವರ್ಷಕ್ಕೆ ರಿಜಿಸ್ಟ್ರೇಶನ್, ನಂಬರ್ ಪ್ಲೇಟಿನಲ್ಲಿ ವಿಎ ಎಂಬ ಅಕ್ಷರದ ಗೌರವ. 1974ರ ಮೊದಲ ಪದ್ಮಿನಿಗಳಿಗೆ 2024ರಲ್ಲಿ ಐವತ್ತು ತುಂಬಿತು, ನಮ್ಮದೂ ಅದರಲ್ಲಿ ಒಂದು. ಆದರೆ ಒಂದು ಷರತ್ತು: ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಷ್ಟಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ನಿತ್ಯದ ಓಡಾಟಕ್ಕಿಲ್ಲ. ಪಾಂಚ್ ರಸ್ತಾಕ್ಕೆ ಹೋಗಿ ಹೂವು ತರುವ ಹಾಗಿಲ್ಲ.

ಇದನ್ನು ಮಾಮನಿಗೆ ವಿವರಿಸಿದೆ. ಬಹಳ ಹೊತ್ತು ಸುಮ್ಮನಿದ್ದು, "ಮತ್ತೆ ಟಾರ್ಪಾಲಿಗೂ ಅದಕ್ಕೂ ಎಂಥ ವ್ಯತ್ಯಾಸ?" ಎಂದರು. "ಊರಿಗೆ ಒಂದ್ಸಲ ಹೋಗ್ಬೇಕಿತ್ತು ಇದರಲ್ಲಿ." ಮಾಮನಿಗೆ ಎಂಬತ್ತೆರಡು.

ಅಲ್ಲಿಗೆ ನನ್ನ ತೀರ್ಮಾನವಾಯಿತು. ವಿಎ ಬೇಡ, ಹೊಸ ಇಂಜಿನ್ನೂ ಬೇಡ. ಅದೇ 1089 ಸಿಸಿ, ಅದೇ ಸ್ಟೀರಿಂಗಿನ ಪಕ್ಕದ ಗೇರು, ಅದೇ ಬೆಂಚಿನಂಥ ಮುಂದಿನ ಸೀಟು. ಬದಲಿಸುವುದು ಓಡಲು ಬೇಕಾದಷ್ಟನ್ನು ಮಾತ್ರ. ಈ ಇಂಜಿನ್ ಸೀಸ ಬೆರೆಸಿದ ಪೆಟ್ರೋಲಿನ ಕಾಲದ್ದು. ಸೀಸ 2000ದಲ್ಲಿ ಹೋಯಿತು, ಹಾಗಾಗಿ ಹೆಡ್ ಬಿಚ್ಚಿದಾಗ ಗಟ್ಟಿ ಲೋಹದ ವಾಲ್ವ್ ಸೀಟು ಹಾಕಿಸಿದೆ. ಈಗಿನ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್. ಹಳೆಯ ರಬ್ಬರು ಅದಕ್ಕೆ ಉಬ್ಬಿ ಬಿರಿಯುತ್ತದೆ. ಆದ್ದರಿಂದ ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗಿನ ಪೈಪು, ಪಂಪಿನ ಡಯಾಫ್ರಂ, ಗ್ಯಾಸ್ಕೆಟ್ ಎಲ್ಲ ಹೊಸದು. ಬ್ರೇಕು ನಾಲ್ಕೂ ಚಕ್ರಕ್ಕೆ ಡ್ರಮ್ಮೇ, ಆದರೆ ಹೊಸ ಲೈನರ್, ಹೊಸ ಸಿಲಿಂಡರ್. ಸೀಟ್ ಬೆಲ್ಟ್ ಹಾಕಿಸಿದೆ. ಬಿಚ್ಚಿದ ಒಂದೊಂದು ಹಳೆಯ ಭಾಗಕ್ಕೂ ಚೀಟಿ ಅಂಟಿಸಿ ಬಿಸ್ಕಿಟ್ ಡಬ್ಬಿಯಲ್ಲಿಟ್ಟಿದ್ದೇನೆ. ನನ್ನ ನಂತರ ಬರುವವರಿಗೆ ಬೇರೆ ಮನಸ್ಸಾದರೆ ದಾರಿ ಇರಲಿ.

ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ನೀವು ಕೇಳುತ್ತೀರಿ. ಕುರ್ಲಾದಲ್ಲೇ. ಸಿಎಸ್‌ಟಿ ರೋಡಿನ ಹಳೆ ಸಾಮಾನಿನ ಅಂಗಡಿಗಳ ಸಾಲಿನಲ್ಲಿ ಮೂರು ಭಾನುವಾರ ಸುತ್ತಿದೆ. ಅಲ್ಲಿ ಸಿಗುವ ಎಷ್ಟೋ ಭಾಗಗಳು ಟ್ಯಾಕ್ಸಿಗಳವು. ಮುಲುಂಡಿನಲ್ಲಿ ನಮಗೆ ರಿಕ್ಷಾ ರೂಢಿ, ಕಾಲಿ-ಪೀಲಿ ಟ್ಯಾಕ್ಸಿಯ ರಾಜ್ಯವೇನಿದ್ದರೂ ಸಯನ್, ಮಾಹಿಮ್ ದಾಟಿದ ಮೇಲೆ. ಪದ್ಮಿನಿ ಅಲ್ಲಿನ ರಾಣಿಯಾಗಿತ್ತು. ಸಿಎನ್‌ಜಿ ಸಿಲಿಂಡರ್ ಡಿಕ್ಕಿಯಲ್ಲಿ ಹೊತ್ತುಕೊಂಡು, ಛಾವಣಿಯ ಮೇಲೆ ಕ್ಯಾರಿಯರ್ ಇಟ್ಟುಕೊಂಡು, ಚಾಲಕರ ಇಷ್ಟದಂತೆ ಒಳಗೆ ಹೂವಿನ ರೆಕ್ಸಿನ್ ಹೊದ್ದುಕೊಂಡು ಓಡಿತು. ಕೊನೆಯ ಪದ್ಮಿನಿ ಟ್ಯಾಕ್ಸಿ ತಾರ್ದೇವ್ ಆರ್‌ಟಿಓದಲ್ಲಿ ದಾಖಲಾದದ್ದು 2003ರ ಅಕ್ಟೋಬರ್ 29ಕ್ಕೆ. ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ ಇದ್ದುದರಿಂದ 2023ರ ಅಕ್ಟೋಬರ್ 30ರ ಹೊತ್ತಿಗೆ ಅವು ಅಧಿಕೃತವಾಗಿ ರಸ್ತೆಯಿಂದ ಹೋದವು. ನನಗೆ ಸಿಕ್ಕ ಬಾಗಿಲಿನ ಹಿಡಿಯ ಸಂದಿಯಲ್ಲಿ ಹಳದಿ ಬಣ್ಣದ ಒಂದು ಚೂರು ಇನ್ನೂ ಅಂಟಿಕೊಂಡಿತ್ತು. ಕೆರೆಯಲಿಲ್ಲ, ಹಾಗೇ ಹಾಕಿಸಿದೆ.

ಡ್ಯಾಶ್‌ಬೋರ್ಡಿನಲ್ಲಿದ್ದ ಹಳೆಯ ರೇಡಿಯೋದ ಬಗ್ಗೆ ನಮ್ಮ ಬಳಗದವರಿಗೆ ಹೇಳದಿದ್ದರೆ ತಪ್ಪಾದೀತು. ಮೀಡಿಯಂ ವೇವ್ ಮಾತ್ರ ಬರುತ್ತದೆ, ಎಫ್‌ಎಂ ಇಲ್ಲ. ಅದನ್ನು ತೆಗೆಯಲು ಮನಸ್ಸು ಬರಲಿಲ್ಲ. ನಮ್ಮ ಕನ್ನಡ ಕಾರ್ಯಕ್ರಮ ಕೇಳುವುದಕ್ಕೆ ಸೀಟಿನ ಮೇಲೆ ಒಂದು ಸಣ್ಣ ಟ್ರಾನ್ಸಿಸ್ಟರ್ ಇಟ್ಟುಕೊಳ್ಳುತ್ತೇನೆ.

ತಪಾಸಣೆ ಪಾಸಾಗಿ ನವೀಕರಣ ಕೈಗೆ ಬಂದ ಭಾನುವಾರ ಬೆಳಿಗ್ಗೆ ಮಾಮನನ್ನು ಮುಂದೆ, ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಚೋಕ್ ಎಳೆದು, ಎರಡನೇ ಸೆಲ್ಫಿಗೆ ಎದ್ದಿತು. ಎಲ್‌ಬಿಎಸ್ ಮಾರ್ಗ ಖಾಲಿಯಿತ್ತು. ಭಾಂಡುಪ್ ದಾಟಿತು, ಘಾಟ್ಕೋಪರ್ ದಾಟಿತು. ಕುರ್ಲಾದಲ್ಲಿ ಪ್ರೀಮಿಯರ್ ರೋಡಿನ ತಿರುವಿಗೆ ನಿಲ್ಲಿಸಿ, "ಇಲ್ಲೇ ಮಾಮ, ಇದು ಹುಟ್ಟಿದ್ದು" ಎಂದೆ. ಮಾಮ ಎತ್ತರದ ಕಟ್ಟಡಗಳನ್ನು ಒಮ್ಮೆ ನೋಡಿ, ಟೆಂಪರೇಚರ್ ಮುಳ್ಳಿನ ಕಡೆ ಬೆರಳು ತೋರಿಸಿದರು. ಅದು ನಡುವಿನಿಂದ ಒಂದು ಕೂದಲೂ ಅಲುಗಿರಲಿಲ್ಲ.

"ರೇಡಿಯೇಟರ್ ನಾನು ಹಾಕಿಸಿದ್ದು," ಎಂದರು. "ಮಳೆಗಾಲ ಮುಗೀಲಿ. ಕಶೇಡಿ ನೋಡುವ."